ಮನೆಯಲ್ಲೇ ಕಲಿಯುವವರಿಗೆ: ತಪ್ಪು ತೋರಿಸುವ ಪಾಠ ಹುಡುಕುವುದು ಹೇಗೆ?

ಮೂರು ವರ್ಷದ ಹಿಂದೆ ಬ್ಲೌಸ್ ಹೊಲಿಯೋದು ಕಲಿಯಬೇಕು ಅಂತ ಕೂತಾಗ ಪಾಠಗಳಿಗೇನೂ ಬರವಿರಲಿಲ್ಲ. ಯೂಟ್ಯೂಬಿನಲ್ಲಿ 'ಬ್ಲೌಸ್ ಕಟಿಂಗ್' ಅಂತ ಕನ್ನಡದಲ್ಲಿ ಬರೆದರೆ ಸಾಕು, ಎಷ್ಟು ಕೆಳಗೆ ಹೋದರೂ ಮುಗಿಯದಷ್ಟು ವಿಡಿಯೊ. ಒಂದು ತಿಂಗಳು ದಿನಾ ರಾತ್ರಿ ನೋಡಿದೆ. ನೋಡುವಾಗ ಎಲ್ಲ ಅರ್ಥವಾಗುತ್ತಿತ್ತು. ಕೊನೆಗೆ ಒಂದು ಭಾನುವಾರ ಹಸಿರು ರುಬಿಯಾ ಬಟ್ಟೆ ಕತ್ತರಿಸಿ ಹೊಲಿದೆ. ಹಾಕಿಕೊಂಡು ನೋಡಿದರೆ ಬಲತೋಳು ಚೆನ್ನಾಗಿ ಕೂತಿದೆ, ಎಡತೋಳು ಮಾತ್ರ ಎಳೆಯುತ್ತಿದೆ. ಕೈ ಮುಂದಕ್ಕೆ ಚಾಚಿದರೆ ಕಂಕುಳ ಹತ್ತಿರ ಸುಕ್ಕು. ಅದೇ ವಿಡಿಯೊಗಳನ್ನು ಮತ್ತೆ ನೋಡಿದೆ. ಎಲ್ಲರೂ ಸರಿಯಾಗಿ ಮಾಡೋದನ್ನೇ ತೋರಿಸುತ್ತಿದ್ದರು. ನನ್ನ ತೋಳು ಯಾಕೆ ಹೀಗಾಯಿತು ಅಂತ ಒಬ್ಬರೂ ಹೇಳಲಿಲ್ಲ.

ಹನುಮಂತನಗರದ ನಮ್ಮ ಬೀದಿಯ ಟೈಲರ್ ಮಾಸ್ಟರ್ ಆ ಬ್ಲೌಸ್ ತಿರುಗಿಸಿ ನೋಡಿ ಒಂದೇ ಮಾತು ಹೇಳಿದರು: "ಎರಡು ತೋಳೂ ಒಂದೇ ಕೈಗೆ ಕತ್ತರಿಸಿದ್ದೀರಲ್ಲಮ್ಮ." ತೋಳಿನ ಮೇಲಿನ ಕಮಾನು ಎರಡೂ ಕಡೆ ಒಂದೇ ಥರ ಇರುವುದಿಲ್ಲ. ಮುಂಭಾಗವನ್ನು ಹಿಂಭಾಗಕ್ಕಿಂತ ಸ್ವಲ್ಪ ಜಾಸ್ತಿ ಒಳಕ್ಕೆ ಕೊರೆಯಬೇಕು. ನಾನು ಬಟ್ಟೆ ಮಡಿಸದೆ, ಒಂದೇ ಪೇಪರನ್ನು ಎರಡು ಸಲ ಒಂದೇ ಮುಖವಾಗಿ ಇಟ್ಟು ಕತ್ತರಿಸಿದ್ದೆ. ಹಾಗಾಗಿ ಎರಡೂ ಬಲತೋಳೇ ಆಗಿದ್ದವು. ಒಂದು ತಿಂಗಳ ವಿಡಿಯೊ ಕೊಡದಿದ್ದನ್ನು ಆ ಒಂದು ಮಾತು ಕೊಟ್ಟಿತು.

ಅವತ್ತಿನಿಂದ ಯಾವುದೇ ಹೊಸ ಕೆಲಸ ಕಲಿಯುವಾಗ ನಾನು ಹುಡುಕುವ ರೀತಿಯೇ ಬದಲಾಗಿದೆ. ಹೇಗೆ ಮಾಡಬೇಕು ಅಂತ ಹೇಳಿಕೊಡುವ ಸಾಮಗ್ರಿ ಎಲ್ಲ ಕಡೆ ಸಿಗುತ್ತದೆ. ನೀವು ಮಾಡಿದ್ದು ಎಲ್ಲಿ ತಪ್ಪಿತು ಅಂತ ತೋರಿಸುವ ಸಾಮಗ್ರಿ ಕಡಿಮೆ. ಅದನ್ನೇ ಹುಡುಕಬೇಕು. ಹೊಲಿಗೆ ಇರಲಿ, ಕಂಪ್ಯೂಟರಿನ ಲೆಕ್ಕದ ಶೀಟ್ ಇರಲಿ, ಫ್ಯಾನ್ ರಿಪೇರಿ ಇರಲಿ, ದಾರಿ ಒಂದೇ. ಬೆಂಗಳೂರಿನಲ್ಲಿ ಇರುವವರಿಗೆ ಈ ಹುಡುಕಾಟಕ್ಕೆ ಒಳ್ಳೆಯ ಜಾಗಗಳೂ ಇವೆ. ನಾನು ಮಾಡಿಕೊಂಡು ಬಂದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಏನನ್ನು ಮಾಡುತ್ತೀರಿ ಅಂತ ಗೊತ್ತುಮಾಡಿಕೊಳ್ಳಿ

'ಟೈಲರಿಂಗ್ ಕಲಿಯಬೇಕು' ಅಂದರೆ ಅದಕ್ಕೆ ಕೊನೆಯಿಲ್ಲ. 'ದೀಪಾವಳಿಗೆ ನನ್ನ ಅಳತೆಯ ಒಂದು ಲೈನಿಂಗ್ ಬ್ಲೌಸ್ ನಾನೇ ಹೊಲಿದು ಹಾಕಿಕೊಳ್ಳಬೇಕು' ಅಂದರೆ ಕೆಲಸ ಕಣ್ಣಿಗೆ ಕಾಣುತ್ತದೆ. 'ಕಂಪ್ಯೂಟರ್ ಕಲಿಯಬೇಕು' ಅನ್ನುವ ಬದಲು 'ನಮ್ಮ ಅಪಾರ್ಟ್‌ಮೆಂಟಿನ ಮೆಂಟೆನೆನ್ಸ್ ಲೆಕ್ಕ ಶೀಟಿನಲ್ಲಿ ಹಾಕಬೇಕು' ಅನ್ನಿ. ಹೀಗೆ ಮಾಡಿದರೆ ಮುಂದಿನ ಹುಡುಕಾಟ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಬ್ಲೌಸ್ ಹೊಲಿಯುವವಳಿಗೆ ಪ್ಯಾಂಟಿನ ಜಿಪ್ ಕೂಡಿಸುವ ಪಾಠ ಈಗ ಬೇಡ, ಅಲ್ವಾ?

ಮಾಡಿ ಮುಗಿಸಿದ ವಸ್ತು ಸರಿಯಾಗಿದೆಯೋ ಇಲ್ಲವೋ ಅಂತ ಯಾವುದರ ಪಕ್ಕದಲ್ಲಿ ಇಟ್ಟು ನೋಡುತ್ತೀರಿ ಅನ್ನೋದನ್ನೂ ಈಗಲೇ ಯೋಚಿಸಿ. ನನಗೆ ಅದು ಅಮ್ಮನ ಹಳೆಯ ಬ್ಲೌಸ್. ಅದು ನನಗೆ ಸರಿಯಾಗಿ ಕೂರುತ್ತಿತ್ತು. ಅಳತೆ ಅನುಮಾನ ಬಂದಾಗಲೆಲ್ಲ ಅದನ್ನೇ ಹಾಸಿ ಇಂಚ್ ಟೇಪ್ ಹಿಡಿದೆ.

ಕಸುಬಿನ ಮಾತುಗಳನ್ನು ಕೂಡಿಹಾಕಿ

ಹುಡುಕುವುದಕ್ಕೆ ಪದ ಬೇಕು. ಪದ ಗೊತ್ತಿಲ್ಲದವರಿಗೆ ಎಲ್ಲರಿಗೂ ಸಿಗುವ ಮೊದಲ ಹತ್ತು ವಿಡಿಯೊ ಮಾತ್ರ ಸಿಗುತ್ತವೆ. ಆರ್ಮ್‌ಹೋಲ್ (ತೋಳು ಕೂಡಿಸುವ ಕಂಡಿ), ಟಕ್ಸ್ (ಮೈಗೆ ಕೂರಲು ಹಿಡಿಯುವ ಮಡಿಕೆ), ಪಟ್ಟಿ, ಕಾಜಾ, ಪೈಪಿಂಗ್ (ಅಂಚಿಗೆ ಹೊಲಿಯುವ ಸಣ್ಣ ಪಟ್ಟಿ), ಕ್ರಾಸ್ ಪೀಸ್ (ಓರೆಯಾಗಿ ಕತ್ತರಿಸಿದ ತುಂಡು), ಬಕ್ರಂ ಇವೆಲ್ಲ ನನಗೆ ಬಂದದ್ದು ಪುಸ್ತಕದಿಂದಲ್ಲ. ಚಿಕ್ಕಪೇಟೆಯಲ್ಲಿ ಲೈನಿಂಗ್ ಮತ್ತು ದಾರ ಮಾರುವ ಅಂಗಡಿಯ ಕಟ್ಟೆ ಮುಂದೆ ಅರ್ಧ ಗಂಟೆ ನಿಂತಿದ್ದರಿಂದ. ಬಂದವರು ಏನಂತ ಕೇಳುತ್ತಾರೆ, ಅಂಗಡಿಯವರು ಏನನ್ನು ಎತ್ತಿ ಕೊಡುತ್ತಾರೆ, ಇಷ್ಟನ್ನು ಗಮನಿಸಿದರೆ ಸಾಕು. ಎಲೆಕ್ಟ್ರಾನಿಕ್ಸ್ ಕಲಿಯುವವರಿಗೆ ಪಕ್ಕದಲ್ಲೇ ಎಸ್.ಪಿ. ರೋಡ್ ಇದೆ. ಎರಡಕ್ಕೂ ಚಿಕ್ಕಪೇಟೆ ಮೆಟ್ರೊ ಹತ್ತಿರ. ಭಾನುವಾರ ಬಹಳಷ್ಟು ಅಂಗಡಿ ಬಾಗಿಲು ಹಾಕಿರುತ್ತವೆ. ವಾರದ ದಿನ ಬೆಳಗ್ಗೆ ಹೋದರೆ ಮಾತಾಡಲು ಅವರಿಗೂ ಪುರುಸೊತ್ತು ಇರುತ್ತದೆ. ಏನಾದರೂ ಚಿಕ್ಕದನ್ನು ಕೊಂಡು ಕೇಳಿ. ಅರ್ಧ ಮೀಟರ್ ಕ್ಯಾನ್ವಾಸ್, ಒಂದು ಪ್ಯಾಕ್ ಸೂಜಿ, ಅಷ್ಟೇ.

ಆ ಪದಗಳನ್ನು ಮೂರು ಥರ ಬರೆದು ಹುಡುಕಿ: ಕನ್ನಡ ಲಿಪಿಯಲ್ಲಿ, ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ, ಇಂಗ್ಲಿಷಿನಲ್ಲಿ. ಮೂರಕ್ಕೂ ಬೇರೆ ಬೇರೆ ಫಲಿತಾಂಶ ಬರುತ್ತದೆ. ಒಂದು ಕನ್ನಡ ಪದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಅಂತ ತಿಳಿಯದೆ ನಿಲ್ಲುವಂತಾದರೆ 'ಅಲರ್' ಎಂಬ ಉಚಿತ ಆನ್‌ಲೈನ್ ಕನ್ನಡ-ಇಂಗ್ಲಿಷ್ ನಿಘಂಟು ಕೈಗೆಟುಕುವಂತಿರಲಿ.

ಕೆಲಸದ ಹೆಸರಿನ ಜೊತೆ ತಪ್ಪಿನ ಹೆಸರನ್ನೂ ಹಾಕಿ ಹುಡುಕಿ. ನನ್ನ ಪ್ರಕಾರ ಹುಡುಕಾಟದಲ್ಲಿ ಇದಕ್ಕಿಂತ ಉಪಯೋಗದ ಅಭ್ಯಾಸ ಇನ್ನೊಂದಿಲ್ಲ. 'ತೋಳು ಕೂಡಿಸುವುದು' ಅಂತ ಹುಡುಕಿದರೆ ಸರಿಯಾದ ತೋಳು ಸಿಗುತ್ತದೆ. 'ತೋಳಿನ ಹತ್ತಿರ ಸುಕ್ಕು ಯಾಕೆ' ಅಂತ ಹುಡುಕಿದರೆ ನಿಮ್ಮ ತೋಳು ಸಿಗುತ್ತದೆ. ತಪ್ಪಿನ ಬಗ್ಗೆ ಪಾಠ ಮಾಡುವವರು ಸಾಮಾನ್ಯವಾಗಿ ನೂರಾರು ಜನರಿಗೆ ಕೈಹಿಡಿದು ಕಲಿಸಿದವರು. ಅವರ ಬೇರೆ ಪಾಠಗಳೂ ಚೆನ್ನಾಗಿರುತ್ತವೆ. ನಾನು ಈಗ ಹೊಸಬರ ಚಾನೆಲ್ ಸಿಕ್ಕಿದರೆ ಮೊದಲು ಅಂಥ ಪಾಠ ಅವರ ಹತ್ತಿರ ಇದೆಯಾ ಅಂತ ನೋಡುತ್ತೇನೆ.

ದಾರಿಯ ನಕ್ಷೆ ಬೇರೆಯವರು ಆಗಲೇ ಬರೆದಿಟ್ಟಿದ್ದಾರೆ

ಒಬ್ಬರೇ ಕಲಿಯುವವರಿಗೆ ಕಾಡುವ ದೊಡ್ಡ ಪ್ರಶ್ನೆ, ಯಾವುದು ಮೊದಲು, ಯಾವುದು ಆಮೇಲೆ? ಇದಕ್ಕೆ ಉತ್ತರ ಪಠ್ಯಕ್ರಮದಲ್ಲಿದೆ. ಅದು ಪುಕ್ಕಟೆ. ಆದರೂ ಜನ ಅದರ ಕಡೆ ತಿರುಗಿ ನೋಡುವುದಿಲ್ಲ.

ಐಟಿಐಗಳಲ್ಲಿ ಎಲೆಕ್ಟ್ರಿಷಿಯನ್, ಪ್ಲಂಬರ್, ವೆಲ್ಡರ್, ಹೊಲಿಗೆ ಹೀಗೆ ಒಂದೊಂದು ಟ್ರೇಡಿಗೂ ಪಠ್ಯಕ್ರಮ ಇದೆ. ಕೇಂದ್ರ ಸರ್ಕಾರದ 'ಭಾರತ್ ಸ್ಕಿಲ್ಸ್' ತಾಣದಲ್ಲಿ ಅದನ್ನು ಹಾಗೇ ಇಳಿಸಿಕೊಳ್ಳಬಹುದು. ಚೆನ್ನೈನಲ್ಲಿರುವ 'ನಿಮಿ' ಸಂಸ್ಥೆ ಈ ಟ್ರೇಡುಗಳಿಗೆ ಪುಸ್ತಕ ಮಾಡುತ್ತದೆ. ಥಿಯರಿಗೆ ಒಂದು, ಪ್ರಾಕ್ಟಿಕಲ್‌ಗೆ ಒಂದು. ಮನೆಯಲ್ಲಿ ಕಲಿಯುವವರಿಗೆ ಪ್ರಾಕ್ಟಿಕಲ್ ಪುಸ್ತಕವೇ ಜಾಸ್ತಿ ಉಪಯೋಗ. ಒಂದಾದ ಮೇಲೊಂದು ಮಾಡಬೇಕಾದ ಅಭ್ಯಾಸಗಳು ಅದರಲ್ಲಿ ಸಾಲಾಗಿ ಇರುತ್ತವೆ. ಹೊಲಿಗೆಯ ಪಠ್ಯಕ್ರಮ ನೋಡಿದ ಮೇಲೆ ನನಗೆ ಅರ್ಥವಾದದ್ದು: ನಾನು ನೇರ ಗೆರೆಯಲ್ಲಿ ಮೆಷಿನ್ ಓಡಿಸುವ ಅಭ್ಯಾಸವನ್ನೇ ಮಾಡದೆ ಬ್ಲೌಸಿಗೆ ಕೈ ಹಾಕಿದ್ದೆ. ಆಮೇಲೆ ಎರಡು ವಾರ ಹಳೇ ಪಂಚೆಯ ಮೇಲೆ ಬರೀ ಗೆರೆ, ಮೂಲೆ, ವೃತ್ತ ಹೊಲಿದೆ.

ಲೆಕ್ಕ, ವಿಜ್ಞಾನದ ತಳಪಾಯ ಮರೆತುಹೋಗಿದ್ದರೆ ಶಾಲೆಯ ಪುಸ್ತಕಕ್ಕೆ ಹೋಗಿ. ಕರ್ನಾಟಕ ಪಠ್ಯಪುಸ್ತಕ ಸಂಘದ ತಾಣದಲ್ಲಿ ಕನ್ನಡ ಮಾಧ್ಯಮದ ಪುಸ್ತಕಗಳು ಉಚಿತವಾಗಿ ಸಿಗುತ್ತವೆ. ದೊಡ್ಡವರು ಎಂಟನೇ ಕ್ಲಾಸಿನ ಗಣಿತ ತೆರೆಯುವುದರಲ್ಲಿ ಸಂಕೋಚ ಏನೂ ಬೇಡ.

ಕಾಲೇಜು ಮಟ್ಟದ ವಿಷಯವಾದರೆ ಎನ್‌ಪಿಟೆಲ್ ಇದೆ. ಐಐಟಿಗಳು ಮತ್ತು ನಮ್ಮ ಮಲ್ಲೇಶ್ವರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಶುರು ಮಾಡಿದ ಯೋಜನೆ ಅದು. ವಿಡಿಯೊ ಯಾವಾಗ ಬೇಕಾದರೂ ನೋಡಬಹುದು. ಆದರೆ ಕೋರ್ಸ್ ನಡೆಯುತ್ತಿರುವಾಗಲೇ ಸೇರಿ ಅಂತ ನಾನು ಹೇಳುತ್ತೇನೆ. ಸಾಮಾನ್ಯವಾಗಿ ಜನವರಿ ಮತ್ತು ಜುಲೈ ಹೊತ್ತಿಗೆ ಶುರುವಾಗುತ್ತವೆ. ಆಗ ಸೇರಿದವರಿಗೆ ಪ್ರತಿ ವಾರ ಅಸೈನ್‌ಮೆಂಟ್ ಇರುತ್ತದೆ, ಗಡುವು ಮುಗಿದ ಮೇಲೆ ಉತ್ತರವೂ ಬರುತ್ತದೆ. ಅಂದರೆ ನಿಮ್ಮ ತಪ್ಪು ನಿಮಗೆ ಕಾಣುತ್ತದೆ. ಕಲಿಯಲು ದುಡ್ಡಿಲ್ಲ. ಸರ್ಟಿಫಿಕೇಟ್ ಬೇಕಾದವರು ಮಾತ್ರ ಪರೀಕ್ಷೆಗೆ ಶುಲ್ಕ ಕಟ್ಟಬೇಕು.

ಒಂದು ಪಾಠವನ್ನು ಇಪ್ಪತ್ತು ನಿಮಿಷದಲ್ಲಿ ಅಳೆಯುವುದು

ಈಗ ನಿಮ್ಮ ಮುಂದೆ ನಾಲ್ಕೈದು ವಿಡಿಯೊ ಸರಣಿ, ಒಂದೆರಡು ಪುಸ್ತಕ ಇವೆ ಅಂದುಕೊಳ್ಳಿ. ಎಲ್ಲವನ್ನೂ ಒಟ್ಟಿಗೆ ಹಿಡಿದರೆ ಕೆಟ್ಟಿರಿ. ಒಬ್ಬರು ಆರ್ಮ್‌ಹೋಲನ್ನು ಎದೆ ಸುತ್ತಳತೆಯಿಂದ ಲೆಕ್ಕ ಹಾಕುತ್ತಾರೆ, ಇನ್ನೊಬ್ಬರು ನೇರವಾಗಿ ಟೇಪ್ ಹಿಡಿದು ಅಳೆಯುತ್ತಾರೆ. ಎರಡೂ ಸರಿಯೇ. ಒಬ್ಬರ ಮುಂಭಾಗಕ್ಕೆ ಇನ್ನೊಬ್ಬರ ತೋಳು ಸೇರಿಸಿದರೆ ಮಾತ್ರ ಯಾವುದೂ ಕೂರುವುದಿಲ್ಲ. ಒಂದನ್ನು ಮುಖ್ಯ ಗುರುವಾಗಿ ಇಟ್ಟುಕೊಳ್ಳಿ. ಉಳಿದದ್ದು ಅನುಮಾನ ಬಂದಾಗ ನೋಡಲು.

ಆ ಒಂದನ್ನು ಆರಿಸಲು ನಾನು ಹೀಗೆ ಮಾಡುತ್ತೇನೆ. ಮೊದಲನೇ ಪಾಠ ಬಿಟ್ಟು ಮಧ್ಯದ ಒಂದು ಪಾಠ ತೆಗೆಯುತ್ತೇನೆ. ಮೊದಲನೇ ಪಾಠ ಎಲ್ಲರದ್ದೂ ಚೆನ್ನಾಗಿಯೇ ಇರುತ್ತದೆ. ಮಧ್ಯದಲ್ಲೇ ಗೊತ್ತಾಗೋದು. ಅಲ್ಲಿ ನೋಡುವುದು ಇಷ್ಟು.

ಕೈ ಕಾಣುತ್ತದೆಯಾ? ಕಷ್ಟದ ಜಾಗ ಬಂದಾಗ ಕ್ಯಾಮೆರಾ ಹತ್ತಿರ ಬರುತ್ತದೆಯಾ, ಅಥವಾ 'ಇಲ್ಲಿ ಹೀಗೆ ಕೂಡಿಸಿಕೊಂಡಿದ್ದೀನಿ' ಅಂತ ಮುಗಿದಿದ್ದನ್ನು ತೋರಿಸಿ ಮುಂದೆ ಹೋಗುತ್ತಾರಾ? ಕತ್ತರಿಸಿ ಹಾರಿಸುವ ಆ ಜಾಗದಲ್ಲೇ ನಿಮಗೆ ಪಾಠ ಬೇಕಾಗಿರುವುದು.

ಕಾರಣ ಹೇಳುತ್ತಾರಾ? 'ಇಲ್ಲಿ ಅರ್ಧ ಇಂಚ್ ಬಿಡಿ' ಅನ್ನುವವರಿಗಿಂತ 'ಆಮೇಲೆ ಬಿಚ್ಚಿ ಅಗಲ ಮಾಡೋಕೆ ಬೇಕಾಗುತ್ತೆ, ಅದಕ್ಕೆ ಅರ್ಧ ಇಂಚ್ ಬಿಡಿ' ಅನ್ನುವವರು ಒಳ್ಳೆಯವರು. ಕಾರಣ ಗೊತ್ತಿದ್ದರೆ ನಿಮ್ಮ ಬಟ್ಟೆಗೆ, ನಿಮ್ಮ ಮೈಗೆ ಬದಲಾಯಿಸಿಕೊಳ್ಳಬಹುದು.

ಶುರುವಿಗೆ ಮುಂಚಿನ ಕೆಲಸ ಹೇಳುತ್ತಾರಾ? ಕಾಟನ್ ಲೈನಿಂಗ್ ಬಟ್ಟೆಯನ್ನು ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಆಮೇಲೆ ಕತ್ತರಿಸಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೆ ಒಳಗಿನ ಬಟ್ಟೆ ಕುಗ್ಗಿ ಹೊರಗಿನದು ಮುದುಡುತ್ತದೆ. ಇದನ್ನು ಹೇಳದ ಬ್ಲೌಸ್ ಪಾಠವನ್ನು ನಾನು ಅಲ್ಲಿಗೇ ಮುಚ್ಚುತ್ತೇನೆ. ಪ್ರತಿ ಕೆಲಸದಲ್ಲೂ ಇಂಥದ್ದೊಂದು ಇರುತ್ತದೆ. ನಿಮ್ಮ ಕೆಲಸದಲ್ಲಿ ಅದು ಯಾವುದು ಅಂತ ಆ ಕಸುಬಿನವರನ್ನು ಒಂದು ಸಲ ಕೇಳಿಟ್ಟುಕೊಳ್ಳಿ. ಆಮೇಲೆ ಪಾಠಗಳನ್ನು ಜರಡಿ ಹಿಡಿಯುವುದು ಸುಲಭ.

ಎಲ್ಲಕ್ಕಿಂತ ಮುಖ್ಯ, ಕೆಟ್ಟದ್ದನ್ನು ತೋರಿಸುತ್ತಾರಾ? ಹೊಲಿಗೆ ಸಡಿಲವಾದರೆ ಹೇಗೆ ಕಾಣುತ್ತೆ, ಬಟ್ಟೆ ಎಳೆದರೆ ಹೇಗೆ ಕಾಣುತ್ತೆ ಅಂತ ಪಕ್ಕಪಕ್ಕ ಇಟ್ಟು ತೋರಿಸುವವರು ಸಿಕ್ಕಿದರೆ ಬಿಡಬೇಡಿ. ಎಷ್ಟು ಜನ ನೋಡಿದ್ದಾರೆ ಅನ್ನುವ ಲೆಕ್ಕ ನನಗೆ ಯಾವತ್ತೂ ಸಹಾಯ ಮಾಡಿಲ್ಲ. ಆದರೆ ಕೆಳಗೆ 'ನಂದು ಹೀಗಾಯ್ತು ಮೇಡಂ' ಅಂತ ಬರೆದವರಿಗೆ ಅವರು ಏನು ಉತ್ತರ ಕೊಟ್ಟಿದ್ದಾರೆ ಅಂತ ಓದುತ್ತೇನೆ. ಬರೀ ಧನ್ಯವಾದ ಇದೆಯಾ, ಅಥವಾ 'ಟಕ್ಸ್ ಎಷ್ಟು ಉದ್ದ ಹಿಡಿದಿರಿ' ಅಂತ ತಿರುಗಿ ಕೇಳಿದ್ದಾರಾ? ತಿರುಗಿ ಕೇಳುವವರು ಮೇಷ್ಟ್ರು.

ಪುಸ್ತಕವಾದರೆ ಹಿಂದಿನಿಂದ ತೆರೆಯಿರಿ. ಅಭ್ಯಾಸಗಳಿಗೆ ಉತ್ತರ ಇದೆಯಾ, ದೋಷಗಳ ಪಟ್ಟಿ ಇದೆಯಾ ನೋಡಿ.

ಇನ್ನೊಂದು ಪುಸ್ತಕವನ್ನು ಜನ ಓದುವುದೇ ಇಲ್ಲ. ಮೆಷಿನ್ ಜೊತೆ ಬಂದ ಮ್ಯಾನ್ಯುಅಲ್. ನನ್ನ ಮೆಷಿನ್ನಿನಲ್ಲಿ ಬಟ್ಟೆಯ ಅಡಿಭಾಗಕ್ಕೆ ದಾರ ಗಂಟುಗಂಟಾಗಿ ಸಿಕ್ಕಿಕೊಳ್ಳುತ್ತಿತ್ತು. ಕೆಳಗೆ ಕಾಣುವ ತೊಂದರೆ ಅಲ್ವಾ, ಬಾಬಿನ್‌ದೇ (ಕೆಳಗಿನ ದಾರದ ಉರುಳೆ) ತಪ್ಪು ಅಂತ ಅದನ್ನೇ ಹತ್ತು ಸಲ ಬಿಚ್ಚಿ ಹಾಕಿದೆ. ಮ್ಯಾನ್ಯುಅಲ್‌ನ ಕೊನೆಯ ಪುಟದಲ್ಲಿ ಒಂದು ಕೋಷ್ಟಕ ಇತ್ತು: ತೊಂದರೆ, ಕಾರಣ, ಪರಿಹಾರ. ಅಡಿಯಲ್ಲಿ ದಾರ ಗಂಟಾದರೆ ಮೇಲಿನ ದಾರ ಪೋಣಿಸಿದ್ದು ತಪ್ಪಿರಬಹುದು ಅಥವಾ ಮೇಲಿನ ಟೆನ್ಷನ್, ಅಂದರೆ ದಾರದ ಬಿಗಿ, ಸಡಿಲ ಇರಬಹುದು ಅಂತ ಬರೆದಿತ್ತು. ಮತ್ತೆ ಪೋಣಿಸಿದೆ, ಸರಿಹೋಯಿತು. ಸೂಜಿಯ ನಂಬರೂ ಅಲ್ಲೇ ಇತ್ತು. ತೆಳು ಬಟ್ಟೆಗೆ 11, ಸಾಧಾರಣ ಕಾಟನ್‌ಗೆ 14, ದಪ್ಪಕ್ಕೆ 16. ಮಿಕ್ಸಿಯಿಂದ ಹಿಡಿದು ಮಲ್ಟಿಮೀಟರ್ ತನಕ ಬಹಳಷ್ಟಕ್ಕೆ ಇಂಥ ಕೋಷ್ಟಕ ಇರುತ್ತದೆ. ಕಾಗದ ಕಳೆದುಹೋಗಿದ್ದರೆ ಮಾಡೆಲ್ ನಂಬರ್ ಹಾಕಿ ಹುಡುಕಿ. ಬಹಳಷ್ಟು ಕಂಪನಿಗಳು ತಮ್ಮ ತಾಣದಲ್ಲಿ ಇಟ್ಟಿರುತ್ತವೆ.

ಉತ್ತರ ಗೊತ್ತಿರುವ ಕೆಲಸದಿಂದ ಶುರು ಮಾಡಿ

ತಪ್ಪು ತೋರಿಸಲು ಯಾವಾಗಲೂ ಒಬ್ಬ ಮನುಷ್ಯನೇ ಬೇಕು ಅಂತಿಲ್ಲ. ನೀವು ಮಾಡುವ ಕೆಲಸದ ಉತ್ತರ ಮೊದಲೇ ಗೊತ್ತಿದ್ದರೆ ಅದೇ ನಿಮ್ಮ ತಪ್ಪನ್ನು ತೋರಿಸುತ್ತದೆ.

ನಮ್ಮ ಪಕ್ಕದ ಮನೆಯ ಅಂಕಲ್ ನಿವೃತ್ತರಾದ ಮೇಲೆ ಅಪಾರ್ಟ್‌ಮೆಂಟಿನ ಖಜಾಂಚಿ ಆದರು. ಲೆಕ್ಕದ ಪುಸ್ತಕದಲ್ಲಿ ಬರೆದೇ ಅಭ್ಯಾಸ. ಶೀಟ್ ಬರುತ್ತಿರಲಿಲ್ಲ, ಇಂಗ್ಲಿಷ್ ಪಾಠ ವೇಗವಾಗಿ ಹೋಗುತ್ತದೆ ಅನ್ನುತ್ತಿದ್ದರು. ಅವರಿಗೆ ಐಐಟಿ ಬಾಂಬೆಯ 'ಸ್ಪೋಕನ್ ಟ್ಯುಟೋರಿಯಲ್' ತೋರಿಸಿದೆ. ಲೆಕ್ಕದ ಶೀಟ್ ಮಾಡಲು ಬರುವ ಲಿಬ್ರೆಆಫೀಸ್ ಸಾಫ್ಟ್‌ವೇರಿನ ಪಾಠಗಳು ಅಲ್ಲಿ ಕನ್ನಡದಲ್ಲೇ ಇವೆ. ಒಂದೊಂದೂ ಸುಮಾರು ಹತ್ತು ನಿಮಿಷ. ಪರದೆಯ ಅರ್ಧದಲ್ಲಿ ಪಾಠ, ಇನ್ನರ್ಧದಲ್ಲಿ ನಿಮ್ಮ ಶೀಟ್ ಇಟ್ಟು, ನಿಲ್ಲಿಸಿ ನಿಲ್ಲಿಸಿ ಮಾಡಬೇಕು ಅನ್ನುವುದೇ ಆ ಪಾಠಗಳ ಕ್ರಮ. ಸಾಫ್ಟ್‌ವೇರೂ ಉಚಿತ. ಅಂಕಲ್ ಹೊಸ ತಿಂಗಳ ಲೆಕ್ಕದಿಂದ ಶುರು ಮಾಡಲಿಲ್ಲ. ಪುಸ್ತಕದಲ್ಲಿ ಆಗಲೇ ಕೂಡಿ ಮುಗಿಸಿದ್ದ ಹಿಂದಿನ ತಿಂಗಳ ಲೆಕ್ಕವನ್ನು ಶೀಟಿಗೆ ಹಾಕಿದರು. ಮೊತ್ತ ಹೊಂದಲಿಲ್ಲ. ಕೊನೆಯ ಸಾಲು ಮೊತ್ತದ ಸೂತ್ರದಿಂದ ಹೊರಗೆ ಉಳಿದಿತ್ತು. ಉತ್ತರ ಮೊದಲೇ ಗೊತ್ತಿದ್ದರಿಂದ ಅದು ಕಣ್ಣಿಗೆ ಬಿತ್ತು. ಹೊಸ ಲೆಕ್ಕವಾಗಿದ್ದರೆ ತಪ್ಪು ಮೊತ್ತವೇ ನೋಟಿಸ್ ಬೋರ್ಡಿಗೆ ಹೋಗುತ್ತಿತ್ತು.

ಎಸ್.ಪಿ. ರೋಡಿನಿಂದ ಮಲ್ಟಿಮೀಟರ್ ತಂದವರೂ ಹೀಗೆಯೇ ಮಾಡಬಹುದು. ಮೊದಲು ಗಡಿಯಾರಕ್ಕೆ ಹಾಕುವ ಹೊಸ ಸೆಲ್ ಅಳೆದು ನೋಡಿ. 1.5 ವೋಲ್ಟಿನ ಆಸುಪಾಸು ತೋರಿಸಬೇಕು. ತೋರಿಸದಿದ್ದರೆ ನಾಬ್ ಎಲ್ಲೋ ತಪ್ಪು ಜಾಗದಲ್ಲಿದೆ. ಗೋಡೆಯ ಕರೆಂಟಿಗೆ ಮಾತ್ರ ಒಬ್ಬರೇ ಕಲಿಯುವಾಗ ಕೈ ಹಾಕಬೇಡಿ. ಅದನ್ನು ತಿಳಿದವರ ಪಕ್ಕದಲ್ಲಿ ನಿಂತೇ ಕಲಿಯಬೇಕು.

ನನ್ನ ತಮ್ಮನದು ಬೇರೆಯೇ ಆಸೆ. ಅವನಿಗೆ ಹಳಗನ್ನಡ ಶಾಸನ ಓದಬೇಕು. ಇದಕ್ಕೆ ಕ್ಲಾಸ್ ಹುಡುಕುವ ಮೊದಲೇ ಅವನಿಗೆ ಒಳ್ಳೆಯ ಉಪಾಯ ಹೊಳೆಯಿತು. ಬಿ.ಎಲ್. ರೈಸ್ ಸಂಪಾದಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಒಂಬತ್ತನೆಯದು ಬೆಂಗಳೂರು ಜಿಲ್ಲೆಯದು, 1905ರಲ್ಲಿ ಬಂದದ್ದು. ಇಂಟರ್ನೆಟ್ ಆರ್ಕೈವ್‌ನಲ್ಲಿ ಅದರ ಸ್ಕ್ಯಾನ್ ಇದೆ. ಶಾಸನದ ಪಾಠವೂ ಇದೆ, ಇಂಗ್ಲಿಷ್ ಅನುವಾದವೂ ಇದೆ. ಅದರಲ್ಲಿ ಪಾಠ ಅಚ್ಚಾಗಿರುವ ಒಂದು ಹಳಗನ್ನಡ ಶಾಸನದ ಕಲ್ಲನ್ನು ಆರಿಸಿಕೊಂಡು, ಅದು ಇರುವಲ್ಲಿಗೆ ಹೋದ. ಕಲ್ಲಿನ ಫೋಟೊ ತೆಗೆದುಕೊಂಡು ಬಂದು, ಪುಸ್ತಕ ಮುಚ್ಚಿಟ್ಟು, ಒಂದೊಂದೇ ಅಕ್ಷರ ತಾನೇ ಬರೆದುಕೊಂಡ. ಆಮೇಲೆ ಅಚ್ಚಾದ ಪಾಠದ ಜೊತೆ ಹೋಲಿಸಿದ. ಮೊದಲ ದಿನ ಒಂದು ಸಾಲಿನಲ್ಲಿ ನಾಲ್ಕು ಅಕ್ಷರ ಹೊಂದಿದವು. ಅದೇ ಕಲ್ಲನ್ನು ಒಂದು ತಿಂಗಳು ಬಿಡಲಿಲ್ಲ. ಈಗ ಅವನಿಗೆ ಯಾವ ಅಕ್ಷರಗಳು ಗೊಂದಲ ಮಾಡುತ್ತವೆ ಅಂತ ಸ್ಪಷ್ಟವಾಗಿ ಗೊತ್ತು. ಆ ಒಂದು ಸಂಪುಟ ಅವನಿಗೆ ಪಾಠವೂ ಆಯಿತು, ಪರೀಕ್ಷೆಯೂ ಆಯಿತು.

ಪುಸ್ತಕ ಮುಚ್ಚಿಟ್ಟು ಮಾಡಿದ ಅನ್ನುವ ಮಾತು ಇಲ್ಲಿ ಮುಖ್ಯ. ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳು ಒಂದು ಬರಹ ಓದಿದರು. ಕೆಲವರು ಅದನ್ನೇ ಮತ್ತೆ ಓದಿದರು, ಕೆಲವರು ನೋಡದೆ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ತಿರುವುಮುರುವಾಯಿತು. ಮತ್ತೆ ಓದಿದವರಿಗೆ ಶೇ. 42ರಷ್ಟು ನೆನಪಿತ್ತು, ನೆನಪಿನಿಂದ ಬರೆದವರಿಗೆ ಶೇ. 56. ನಾನು ಒಂದು ತಿಂಗಳು ವಿಡಿಯೊ ನೋಡಿದಾಗ ಆಗಿದ್ದು ಇದೇ. ನೋಡಿದ ತಕ್ಷಣ ಎಲ್ಲ ಬಂತು ಅನ್ನಿಸುತ್ತಿತ್ತು. ಈಗ ಒಂದು ಪಾಠ ನೋಡಿದ ಮೇಲೆ ಫೋನ್ ಪಕ್ಕಕ್ಕಿಟ್ಟು, ಹಳೇ ಪೇಪರ್ ಹಾಸಿ, ನೆನಪಿನಿಂದ ಮಾರ್ಕ್ ಮಾಡುತ್ತೇನೆ. ಎಲ್ಲಿ ಕೈ ನಿಲ್ಲುತ್ತದೋ ಆ ಒಂದು ನಿಮಿಷವನ್ನಷ್ಟೇ ಮತ್ತೆ ನೋಡುತ್ತೇನೆ.

ಪುಸ್ತಕಕ್ಕೆ ಎಲ್ಲಿಗೆ ಹೋಗೋದು?

ಕೊಳ್ಳುವ ಮೊದಲು ಲೈಬ್ರರಿಗೆ ಹೋಗಿ. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡ, ಶೇಷಾದ್ರಿ ಅಯ್ಯರ್ ಸ್ಮಾರಕ, ನಮ್ಮ ರಾಜ್ಯ ಕೇಂದ್ರ ಗ್ರಂಥಾಲಯ. ಬಡಾವಣೆಗಳಲ್ಲಿ ಶಾಖೆಗಳಿವೆ. ಆಸ್ತಿ ತೆರಿಗೆಯ ಜೊತೆ ನಾವು ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು ಅದು. ಹಾಗಾಗಿ ಧಾರಾಳವಾಗಿ ಹೋಗಿ ಕೇಳಿ. ಬಸವನಗುಡಿಯಲ್ಲಿ ಬಿ.ಪಿ. ವಾಡಿಯಾ ರಸ್ತೆಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್‌ನ ಗ್ರಂಥಾಲಯವೂ ನನಗೆ ಇಷ್ಟ. ಕೂತು ಓದುವುದಕ್ಕೆ ಒಳ್ಳೆಯ ಜಾಗ.

ಲೈಬ್ರರಿಯಲ್ಲಿ ಒಂದೇ ವಿಷಯದ ನಾಲ್ಕು ಪುಸ್ತಕ ಮೇಜಿನ ಮೇಲಿಟ್ಟು, ನಾಲ್ಕರಲ್ಲೂ ಒಂದೇ ಅಧ್ಯಾಯ ಓದಿ. ನಿಮಗೆ ಅರ್ಥವಾಗದೆ ಉಳಿದ ಒಂದು ವಿಷಯವನ್ನೇ ಆರಿಸಿಕೊಳ್ಳಿ. ಯಾವ ಪುಸ್ತಕ ಅದನ್ನು ಬಿಡಿಸಿ ಹೇಳಿತೋ ಅದನ್ನು ಕೊಳ್ಳಿ. ಹಳೇ ಪಠ್ಯಪುಸ್ತಕಕ್ಕೆ ಅವೆನ್ಯೂ ರೋಡ್, ಬಳಸಿದ ಇಂಗ್ಲಿಷ್ ಪುಸ್ತಕಕ್ಕೆ ಚರ್ಚ್ ಸ್ಟ್ರೀಟ್, ಕನ್ನಡಕ್ಕೆ ಗಾಂಧಿಬಜಾರಿನ ಅಂಕಿತ, ಗಾಂಧಿನಗರದ ಸಪ್ನ. ಕೈದೋಟ, ತಾರಸಿ ತೋಟದ ಆಸೆ ಇರುವವರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೃಷಿ ಮೇಳ ತಪ್ಪಿಸಬೇಡಿ. ಸಾಮಾನ್ಯವಾಗಿ ನವೆಂಬರ್‌ನಲ್ಲಿ ನಡೆಯುತ್ತದೆ. ರೋಗ ಹಿಡಿದ ಎಲೆಯನ್ನು ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ ವಿಜ್ಞಾನಿಗಳಿಗೆ ನೇರವಾಗಿ ತೋರಿಸಬಹುದು.

ತಿಳಿದವರನ್ನು ಕೇಳುವ ರೀತಿ

ಕೊನೆಗೂ ಒಬ್ಬ ಮನುಷ್ಯನ ಕಣ್ಣು ಬೇಕೇ ಬೇಕಾಗುತ್ತದೆ. ಸುತ್ತಳತೆ ಟೇಪ್ ಹೇಳುತ್ತದೆ. ಬಟ್ಟೆ ಮೈಮೇಲೆ ಕೂರುವ ಸೊಗಸನ್ನು ಹೇಳುವುದಿಲ್ಲ.

ನಮ್ಮ ಊರಿನಲ್ಲಿ ಒಳ್ಳೆಯ ಕಸುಬುದಾರರು ಪ್ರತಿ ಬೀದಿಯಲ್ಲೂ ಇದ್ದಾರೆ. ಅವರ ಹೊತ್ತು ನೋಡಿಕೊಂಡು ಹೋಗಬೇಕು. ಟೈಲರ್ ಹತ್ತಿರ ವರಮಹಾಲಕ್ಷ್ಮಿ, ಗೌರಿ ಹಬ್ಬ, ದೀಪಾವಳಿಗೆ ಮುಂಚಿನ ವಾರಗಳಲ್ಲಿ ಹೋಗಲೇಬೇಡಿ. ಹಬ್ಬ ಕಳೆದ ಮೇಲೆ, ಮಧ್ಯಾಹ್ನ ಮೂರರ ಹೊತ್ತಿಗೆ ಹೋಗಿ. 'ನನಗೆ ಹೊಲಿಗೆ ಹೇಳಿಕೊಡ್ತೀರಾ' ಅಂದರೆ ಅವರಿಗೂ ಭಾರ, ಎಲ್ಲಿಂದ ಶುರು ಮಾಡುತ್ತಾರೆ ಪಾಪ. ಮಾಡಿದ್ದನ್ನು ಕೈಯಲ್ಲಿ ಹಿಡಿದು ಒಂದೇ ಪ್ರಶ್ನೆ ಕೇಳಿ.

"ಮಾಸ್ಟರ್, ಇದು ನಾನೇ ಹೊಲಿದಿದ್ದು. ಕುತ್ತಿಗೆ ಪೈಪಿಂಗ್ ಮಡಚಿಕೊಳ್ತಾ ಇದೆ. ಯಾಕೆ ಅಂತ ಒಂಚೂರು ನೋಡ್ತೀರಾ?"

"ಪೈಪಿಂಗ್ ಪಟ್ಟಿ ನೇರಕ್ಕೆ ಕತ್ತರಿಸಿದ್ದೀರಮ್ಮ. ಕ್ರಾಸಲ್ಲಿ ತೆಗೀಬೇಕು. ಆಗ ಎಳೆದ ಕಡೆ ಬಗ್ಗುತ್ತೆ."

ಅಷ್ಟೇ. ಎರಡು ನಿಮಿಷ. ಮನೆಗೆ ಬಂದು ಅದನ್ನು ಸರಿಮಾಡಿ, ಮುಂದಿನ ಸಲ ಸರಿಮಾಡಿದ್ದನ್ನು ತೋರಿಸಿ. ತಮ್ಮ ಮಾತು ಕೆಲಸಕ್ಕೆ ಬಂತು ಅಂತ ಕಂಡರೆ ಅವರೇ ಮುಂದಿನದನ್ನು ಹೇಳಲು ಶುರು ಮಾಡುತ್ತಾರೆ. ಅವರ ಹೊತ್ತಿಗೆ ಬೆಲೆ ಕೊಡಿ. ನಾನು ಫಾಲ್ ಹಾಕಿಸುವುದು, ಆಲ್ಟ್ರೇಶನ್ ಎಲ್ಲ ಅವರ ಹತ್ತಿರವೇ ಮಾಡಿಸುತ್ತೇನೆ. ಕಷ್ಟದ ಪ್ರಶ್ನೆ ಇದ್ದ ದಿನ ದುಡ್ಡು ಕೊಟ್ಟೇ ಒಂದು ಗಂಟೆ ಕೂತಿದ್ದೇನೆ.

ದುಡ್ಡು ಕಟ್ಟುವ ಮೊದಲು

ನಾನು ಒಂದು ತರಬೇತಿ ಕೇಂದ್ರಕ್ಕೆ ಮೂರು ತಿಂಗಳ ಶುಲ್ಕ ಒಟ್ಟಿಗೆ ಕಟ್ಟಿ ಕಳೆದುಕೊಂಡೆ. ನಲವತ್ತು ಜನ, ಆರು ಮೆಷಿನ್. ಕಲಿಸುವವರು ಬೋರ್ಡಿನ ಮೇಲೆ ಬರೆಯುತ್ತಿದ್ದರು, ನಾವು ನೋಟ್ಸ್ ತೆಗೆಯುತ್ತಿದ್ದೆವು. ನನ್ನ ಬಟ್ಟೆಯನ್ನು ಒಂದು ಸಲವೂ ಯಾರೂ ಮುಟ್ಟಿ ನೋಡಲಿಲ್ಲ. ಕೊನೆಗೆ ಸರ್ಟಿಫಿಕೇಟ್ ಕೊಟ್ಟರು.

ಆದ್ದರಿಂದ ಕ್ಲಾಸ್ ಸೇರುವ ಮೊದಲು ಒಂದು ದಿನ ಸುಮ್ನೆ ಕೂತು ನೋಡಲು ಬಿಡುತ್ತೀರಾ ಅಂತ ಕೇಳಿ. ಒಂದು ಮೆಷಿನ್‌ಗೆ ಎಷ್ಟು ಜನ? ನಾನು ಮಾಡಿದ್ದನ್ನು ವಾರಕ್ಕೆ ಎಷ್ಟು ಸಲ ನೋಡಿ ತಿದ್ದುತ್ತೀರಿ? ಈಗ ಕಲಿಯುತ್ತಿರುವವರ ಕೈಕೆಲಸ ತೋರಿಸುತ್ತೀರಾ? ಒಂದು ತಿಂಗಳ ಶುಲ್ಕ ಮಾತ್ರ ಕಟ್ಟಬಹುದಾ? ಈ ನಾಲ್ಕಕ್ಕೆ ನೇರ ಉತ್ತರ ಬಂದರೆ ಸೇರಿ. ಪಾಠ ಪುಕ್ಕಟೆ ಸಿಗುವ ಈ ಕಾಲದಲ್ಲಿ ನೀವು ದುಡ್ಡು ಕೊಡಬೇಕಾದದ್ದು ತಿದ್ದುವ ಕೆಲಸಕ್ಕೆ. ಆನ್‌ಲೈನ್ ಕೋರ್ಸಿಗೂ ಇದೇ ಮಾತು.

ಎಐ ಚಾಟ್ ಬಳಸುವವರಿಗೂ ಒಂದು ಮಾತು. ಕಸುಬಿನ ಪದ ಹುಡುಕಲು, ಒಂದು ತಪ್ಪಿಗೆ ಇರಬಹುದಾದ ಕಾರಣಗಳ ಪಟ್ಟಿ ಕೇಳಲು ಅದು ಅನುಕೂಲ. ಆದರೆ ಅಳತೆ, ಸಂಖ್ಯೆ, ಸೂತ್ರಗಳಲ್ಲಿ ತಪ್ಪಿದಾಗಲೂ ಅಷ್ಟೇ ಧೈರ್ಯವಾಗಿ ಹೇಳುತ್ತದೆ. ಅದು ಕೊಟ್ಟ ಅಳತೆಯನ್ನು ಮೊದಲು ಪೇಪರಿನ ಮೇಲೆ ಕತ್ತರಿಸಿ ನೋಡಿ, ಬಟ್ಟೆಯ ಮೇಲೆ ಅಲ್ಲ.

ತಪ್ಪಿನ ಪುಸ್ತಕ

ಒಂದು ಇನ್ನೂರು ಪುಟದ ನೋಟ್‌ಬುಕ್ ತನ್ನಿ. ಪಾಠದ ನೋಟ್ಸ್ ಅದರಲ್ಲಿ ಬೇಡ, ಅದು ವಿಡಿಯೊದಲ್ಲೇ ಇದೆ. ಪ್ರತಿ ಸಲ ಮಾಡಿದಾಗ ಮೂರು ವಿಷಯ ಬರೆಯಿರಿ: ಏನು ತಪ್ಪಿತು, ಯಾಕೆ, ಯಾರು ಅಥವಾ ಯಾವುದು ತೋರಿಸಿಕೊಟ್ಟಿತು. ಎರಡು ತಿಂಗಳ ನಂತರ ಮೂರನೆಯ ಕಾಲಂ ಓದಿ. ನನ್ನದರಲ್ಲಿ ಮಾಸ್ಟರ್ ಹೆಸರು ಹತ್ತು ಸಲ, ಮ್ಯಾನ್ಯುಅಲ್ ಐದು ಸಲ, ಒಂದೇ ಒಂದು ವಿಡಿಯೊ ಸರಣಿ ನಾಲ್ಕು ಸಲ ಬಂದಿತ್ತು. ಉಳಿದ ಹದಿನೈದು ಚಾನೆಲ್ ಒಂದು ಸಲವೂ ಬಂದಿರಲಿಲ್ಲ. ಅವನ್ನೆಲ್ಲ ಅನ್‌ಸಬ್‌ಸ್ಕ್ರೈಬ್ ಮಾಡಿದೆ.

ಅದೇ ತಪ್ಪು ಮೂರು ಸಲ ಬರೆದಿದ್ದರೆ ಆ ಜಾಗಕ್ಕೆ ಬೇರೆ ಪಾಠ ಹುಡುಕುವ ಹೊತ್ತಾಯಿತು ಅಂತ ಅರ್ಥ. ತಪ್ಪುಗಳು ಹೊಸಹೊಸದಾಗಿ ಬರುತ್ತಿದ್ದರೆ ಇರುವ ಪಾಠವನ್ನೇ ಮುಂದುವರಿಸಿ. ನನ್ನ ಪುಸ್ತಕದ ಇತ್ತೀಚಿನ ಸಾಲು ಹೀಗಿದೆ: 'ಕಟೋರಿ ಬ್ಲೌಸ್. ಎಡಗಡೆ ಕಪ್ ಎಳೆಯುತ್ತಿದೆ. ಕಾರಣ ಗೊತ್ತಾಗಿಲ್ಲ. ಹಬ್ಬ ಮುಗಿದ ಮೇಲೆ ಮಾಸ್ಟರ್‌ಗೆ ತೋರಿಸಬೇಕು.'